ಬೆಳ್ಳಿಗಿಂತ ಮೊದಲು ಕಬ್ಬಿಣ

ಮೆಗ್ನೀಷಿಯಂ ಆಕ್ಸೈಡ್ ಹರಳಿನ ಮೇಲೆ ಬೆಳ್ಳಿಯ ಸಪಾಟಾದ ತೆಳು ಪದರ ಹಾಸುವುದು ನನ್ನ ಕೆಲಸ. ಮಳೆಗಾಲದಲ್ಲಿ ಈ ಹರಳಿನ ಸಹವಾಸ ದೊಡ್ಡ ರಗಳೆ. ಗಾಳಿಯ ತೇವ ಹೀರಿ ಮೈಮೇಲೆ ಹೈಡ್ರಾಕ್ಸೈಡ್ ಪೊರೆ ಕಟ್ಟಿಕೊಳ್ಳುತ್ತದೆ. ಹಾಗಾಗಿ ಆ ದಿನ ಬೆಂಗಳೂರಿನ ನಮ್ಮ ಲ್ಯಾಬಿನಲ್ಲಿ ಪ್ಯಾಕೆಟ್ ಒಡೆದ ಕೂಡಲೇ 10 ಮಿ.ಮೀ. ಚೌಕದ ಬಿಲ್ಲೆಯನ್ನು ನಿರ್ವಾತ ಚೇಂಬರಿಗೆ ಸೇರಿಸಿ, 600 ಡಿಗ್ರಿಯಲ್ಲಿ ಕಾಯಲು ಬಿಟ್ಟೆ. ಊಟ ಮುಗಿಸಿ ಬರುವಷ್ಟರಲ್ಲಿ ಎಲೆಕ್ಟ್ರಾನ್ ವಿವರ್ತನೆಯ ಪರದೆಯ ಮೇಲೆ, ಅಂದರೆ ಹರಳಿನ ಮೈ ಸವರಿ ಬಂದ ಎಲೆಕ್ಟ್ರಾನ್‌ಗಳು ಚಿತ್ತಾರ ಮೂಡಿಸುವ ಪರದೆಯ ಮೇಲೆ, ಗೆರೆಗಳು ಚೂಪಾಗಿ ನಿಂತಿದ್ದವು. ಗೆರೆ ಕಂಡರೆ ಮೈ ಸಪಾಟು, ಚುಕ್ಕೆ ಕಂಡರೆ ಗುಡ್ಡೆ ಗುಡ್ಡೆ.

ಬಿಲ್ಲೆ ತಣಿದ ಮೇಲೆ, ಬೆಳ್ಳಿ ಬೀಳದಂತೆ ತಡೆಯುವ ಶಟರ್ ತೆಗೆದೆ. ಗೆರೆಗಳು ಮಂಕಾಗಿ, ಆ ಜಾಗದಲ್ಲಿ ಚುಕ್ಕೆಗಳು ಮೂಡಿದವು. ಕೆಸುವಿನ ಎಲೆಯ ಮೇಲಿನ ನೀರಿನ ಹಾಗೆ ಬೆಳ್ಳಿ ಹನಿಹನಿಯಾಗಿ ನಿಂತಿತ್ತು. ಜಾಲಕದ, ಅಂದರೆ ಪರಮಾಣುಗಳ ಜೋಡಣೆಯ ಚೌಕದ, ಅಳತೆಯನ್ನು ದೂರುವಂತಿಲ್ಲ, ಹರಳಿನದು 4.21 ಆಂಗ್‌ಸ್ಟ್ರಾಮ್, ಬೆಳ್ಳಿಯದು 4.09, ವ್ಯತ್ಯಾಸ ಶೇ. 3ರಷ್ಟೇ. ಬೆಳ್ಳಿಗೆ ಆಕ್ಸೈಡಿನ ನಂಟು ಅಷ್ಟಾಗಿ ಬೇಕಿಲ್ಲ, ತನ್ನವರ ಜೊತೆಗೇ ಗುಂಪು ಕಟ್ಟುತ್ತದೆ.

“ಮೊದಲು ಒಂದು ನ್ಯಾನೊಮೀಟರ್ ಕಬ್ಬಿಣ ಹಾಕಿ ನೋಡಿ” ಎಂದರು ಗೈಡ್.

ನನಗೆ ಅರೆಮನಸ್ಸು. ಅಡಿಯಲ್ಲಿ ಅಯಸ್ಕಾಂತೀಯ ಲೋಹ ಕೂತರೆ ಮುಂದಿನ ಪ್ರತಿ ಅಳತೆಯಲ್ಲೂ ಅದರ ಪಾಲು ಕಳೆಯುತ್ತಾ ಕೂರಬೇಕು. ಆದರೂ ಅವರ ವಾದ ಗಟ್ಟಿಯಾಗಿತ್ತು. ಕಬ್ಬಿಣವೂ ಆಕ್ಸೈಡಿನ ಮೇಲೆ ಗುಡ್ಡೆ ಕಟ್ಟುವ ಜಾತಿಯೇ. ಆದರೆ ಅದಕ್ಕೆ ಆಕ್ಸಿಜನ್ ಮೇಲೆ ಹಿಡಿತ ಜಾಸ್ತಿ. ಗುಡ್ಡೆಗಳು ಚಿಕ್ಕವು, ಒತ್ತೊತ್ತಾಗಿ ಎದ್ದು ಬೇಗ ಒಂದಾಗುತ್ತವೆ. ಅದರ ಜಾಲಕ 2.87 ಆಂಗ್‌ಸ್ಟ್ರಾಮ್. ಹರಳಿನ ಮೇಲೆ 45 ಡಿಗ್ರಿ ತಿರುಗಿ ಕೂರುವುದರಿಂದ ಲೆಕ್ಕಕ್ಕೆ ಬರುವುದು ಅದರ ಕರ್ಣ, 4.05. ಬೆಳ್ಳಿಗೂ ಅದಕ್ಕೂ ಶೇ. 1ರಷ್ಟೂ ಅಂತರವಿಲ್ಲ. ಮೇಲ್ಮೈ ಶಕ್ತಿಯಲ್ಲಿ, ಅಂದರೆ ತೆರೆದ ಮೈ ಇಟ್ಟುಕೊಳ್ಳಲು ತೆರಬೇಕಾದ ಶಕ್ತಿಯಲ್ಲಿ, ಬೆಳ್ಳಿ ಕಬ್ಬಿಣದ ಅರ್ಧದಷ್ಟು, ಹಾಗಾಗಿ ಕಬ್ಬಿಣದ ಮೇಲೆ ಹರಡಿ ಮಲಗಲು ಬೆಳ್ಳಿಯ ತಕರಾರಿಲ್ಲ.

ಹೊಸ ಬಿಲ್ಲೆಗೆ ಕಬ್ಬಿಣ ಹಾಕುವಾಗ ಕರೆಂಟ್ ಒಮ್ಮೆ ಹೋಗಿ ಬಂತು. ಯುಪಿಎಸ್ ಕೂಗಿತು, ಟರ್ಬೊ ಪಂಪ್ ಮಾತ್ರ ಏನೂ ಆಗದಂತೆ ಸುತ್ತುತ್ತಿತ್ತು. ಪರದೆಯ ಗೆರೆಗಳು ಮೊದಲು ದಪ್ಪಗಾದವು, ಮುರಿಯಲಿಲ್ಲ. ಬೆಳ್ಳಿ ಬೀಳುತ್ತಾ ಹೋದ ಹಾಗೆ ತೆಳ್ಳಗಾದವು. ಕೊನೆಯಲ್ಲಿ ಹದವಾಗಿ ಕಾಯಿಸಿದ ಮೇಲಂತೂ ಇನ್ನೂ ಚೂಪು. ನಾನು ಮೊಬೈಲಿನಲ್ಲಿ ಫೋಟೊ ತೆಗೆದುಕೊಂಡೆ, ಪರದೆಯ ಮುಂದಿನ ಕ್ಯಾಮೆರಾ ಅದೆಲ್ಲವನ್ನೂ ದಾಖಲಿಸುತ್ತಿದ್ದರೂ.

ಇನ್ನು ಕ್ರೋಮಿಯಂ ಹಾಕಿ ನೋಡುವ ಆಸೆ. ಜಾಲಕ ಹೆಚ್ಚೂಕಡಿಮೆ ಕಬ್ಬಿಣದ್ದೇ, ಕಬ್ಬಿಣದಂಥ ಅಯಸ್ಕಾಂತದ ಕಾಟವೂ ಇಲ್ಲ. ಆದರೆ ಅದರ ಇಂಡೆಂಟ್ (ಖರೀದಿ ಕೋರಿಕೆ) ಇನ್ನೂ ಪರ್ಚೇಸ್ ಸೆಕ್ಷನ್ನಿನಲ್ಲೇ ಇದೆ.