ಮಾರಿಗೆ ಪ್ಲಾಸ್ಟಿಕ್ ಹಾಕ್ತಾರೇನ್ರೀ?

ಬಳ್ಳಾರಿಯ ಒಂದು ಸಣ್ಣ ಲ್ಯಾಬಿನಲ್ಲಿ ಹಲ್ಲಿನ ಸೆಟ್ಟು ಮಾಡುವುದು ನನ್ನ ಕೆಲಸ. ಅಪರೂಪಕ್ಕೆ ಕಿವಿ, ಮೂಗೂ ಮಾಡುತ್ತೇನೆ. ಇದು ಗೊತ್ತಾದ ಕೂಡಲೇ ಮದುವೆ ಮನೆಯಿರಲಿ, ಕೊಪ್ಪಳದ ಬಸ್ಸಿರಲಿ, ಒಂದೇ ಪ್ರಶ್ನೆ: "ಹಂಗಾರ ಪ್ಲಾಸ್ಟಿಕ್ ಸರ್ಜರಿ ಅಂದ್ರ ಮಾರಿಗೆ ಪ್ಲಾಸ್ಟಿಕ್ ಹಾಕ್ತಾರೇನ್ರೀ?"

ಆ ಹೆಸರಿಗೂ ನಮ್ಮ ಪ್ಲಾಸ್ಟಿಕ್ ಕೊಡಕ್ಕೂ ಸಂಬಂಧವಿಲ್ಲ. ಗ್ರೀಕ್‌ನಲ್ಲಿ ‘ಪ್ಲಾಸ್ಟಿಕೋಸ್’ ಅಂದರೆ ತಿದ್ದಿ ತೀಡಿ ರೂಪ ಕೊಡುವುದಕ್ಕೆ ಸೇರಿದ ಮಾತು. ಜರ್ಮನಿಯ ಎಡ್ವರ್ಡ್ ಝೈಸ್ ಪ್ಲಾಸ್ಟಿಕ್ ಸರ್ಜರಿ ಬಗ್ಗೆ ಪುಸ್ತಕ ಬರೆದದ್ದು 1838ರಲ್ಲಿ. ಪೂರ್ತಿ ಕೃತಕವಾದ ಮೊದಲ ಪ್ಲಾಸ್ಟಿಕ್ ಬೇಕಲೈಟ್ ಹುಟ್ಟಿದ್ದು 1907ರಲ್ಲಿ. ಮೂಗು ಕೂಡಿಸುವ ವಿದ್ಯೆಯಂತೂ ನಮ್ಮಲ್ಲಿ ಇನ್ನೂ ಹಳೆಯದು. ಟಿಪ್ಪು ಕಾಲದ ಯುದ್ಧದಲ್ಲಿ ಮೂಗು ಕಳಕೊಂಡ ಕವಾಸ್ಜಿ ಎಂಬ ಬಂಡಿಯವನಿಗೆ ಪುಣೆ ಕಡೆ ಹಣೆಯ ಚರ್ಮ ಇಳಿಸಿ ಮೂಗು ಮಾಡಿದ್ದರು. 1794ರಲ್ಲಿ ಆ ಸುದ್ದಿ ಲಂಡನ್ನಿನ ಪತ್ರಿಕೆಯಲ್ಲಿ ಬಂದಿತ್ತು.

ಹಾಗಂತ ಹಾಕುವುದೇ ಇಲ್ಲ ಅಂದರೂ ಸುಳ್ಳಾಗುತ್ತದೆ. ಬೈಕಿನಿಂದ ಬಿದ್ದವರನ್ನು ನೋಡಿ. ಕಣ್ಣುಗುಡ್ಡೆ ಕೂತಿರುವ ಗುಳಿಯ ತಳದ ಮೂಳೆ ಕಾಗದದಷ್ಟು ತೆಳು. ಅದು ಒಡೆದರೆ ಕಣ್ಣು ಒಳಕ್ಕೆ ಇಳಿಯುತ್ತದೆ, ಒಂದು ಎರಡಾಗಿ ಕಾಣಬಹುದು. ಅಲ್ಲಿಗೆ ಪಾಲಿಎಥಿಲೀನ್ ಹಾಳೆ ಇಡುವುದುಂಟು. ಕ್ಯಾರಿಬ್ಯಾಗಿನ ಜಾತಿಯದೇ, ಆದರೆ ಮೈತುಂಬ ಸಣ್ಣ ಸಣ್ಣ ರಂಧ್ರ. ಆ ರಂಧ್ರಗಳೊಳಗೆ ಮಾಂಸ, ರಕ್ತನಾಳ ಬೆಳೆದು ಹಾಳೆಯನ್ನು ಹಿಡಿದುಕೊಳ್ಳುತ್ತವೆ.

ನನಗೆ ಜಾಸ್ತಿ ಇಷ್ಟವಾಗುವುದು ಕರಗುವ ಪಾಲಿಮರ್. ಪಾಲಿಮರ್ ಅಂದರೆ ಸಣ್ಣ ಅಣುಗಳು ಸರಪಳಿಯ ಹಾಗೆ ಕೂಡಿಕೊಂಡ ವಸ್ತು, ಪ್ಲಾಸ್ಟಿಕ್ಕೂ ಆ ಜಾತಿಯದೇ. ಮಕ್ಕಳ ಮುಖದ ಮೂಳೆ ಬೆಳೀತಾ ಇರುತ್ತದೆ, ಲೋಹದ ಪ್ಲೇಟು ಅಲ್ಲೇ ಉಳಿದರೆ ತೊಂದರೆ. ಪಾಲಿಲ್ಯಾಕ್ಟಿಕ್ ಆಸಿಡ್‌ನ ಪ್ಲೇಟು ಮೂಳೆ ಕೂಡುವ ತನಕ ಹಿಡಿದಿಟ್ಟು, ಆಮೇಲೆ ನಿಧಾನಕ್ಕೆ ಲ್ಯಾಕ್ಟಿಕ್ ಆಮ್ಲವಾಗಿ ಒಡೆಯುತ್ತದೆ. ಮೊಸರಿನ ಹುಳಿ ಇದೆಯಲ್ಲ, ಅದೇ. ಕೊನೆಗೆ ಉಳಿಯುವುದು ನೀರು ಮತ್ತು ಇಂಗಾಲದ ಡೈಆಕ್ಸೈಡ್. ಕೆಲವರಿಗೆ ಕರಗುವ ಹೊತ್ತಿಗೆ ಬಾವು ಬರುವುದೂ ಉಂಟು.

ಇಲಿಯ ಬೆನ್ನ ಮೇಲೆ ಕಿವಿ ಬೆಳೆದ ಫೋಟೋ ನೀವೂ ನೋಡಿರ್ತೀರಿ, 1997ರದ್ದು. ಅದು ಮನುಷ್ಯನ ಕಿವಿಯಲ್ಲ. ಕರಗುವ ಪಾಲಿಮರ್‌ನಿಂದ ಕಿವಿಯಾಕಾರದ ಹಂದರ ಮಾಡಿ, ಅದರಲ್ಲಿ ಹಸುವಿನ ಮೃದ್ವಸ್ಥಿಯ (ಕಿವಿಯಲ್ಲಿರುವಂಥ, ಬಾಗುವ ಮೆತ್ತನೆ ಮೂಳೆ) ಕೋಶಗಳನ್ನು ಬಿತ್ತಿದ್ದರು. ಆಸ್ಪತ್ರೆಯಲ್ಲಿ ಇವತ್ತಿಗೂ ಹೊಸ ಕಿವಿ ಕಟ್ಟಲು ಮೊದಲು ನೋಡುವುದು ರೋಗಿಯ ಪಕ್ಕೆಲುಬಿನ ಮೃದ್ವಸ್ಥಿಯನ್ನೇ. ಮೈಗೆ ಮೈಯಷ್ಟು ಒಗ್ಗುವ ವಸ್ತು ಇನ್ನೂ ಸಿಕ್ಕಿಲ್ಲ ಅಂತ ನನ್ನ ಅನಿಸಿಕೆ.

ನಮ್ಮ ಕಡೆ ಕಿವಿ ಹೋಗುವುದಕ್ಕೆ ಕರಡಿಯೂ ಕಾರಣ. ದರೋಜಿಯ ಕರಡಿಧಾಮ ಇಲ್ಲೇ ಹತ್ತಿರ ಇದೆ, ಕೊಪ್ಪಳದ ಗುಡ್ಡಗಳಲ್ಲೂ ಕರಡಿಗಳಿವೆ. ಹೆದರಿದ ಕರಡಿ ಎದ್ದು ನಿಂತು ನೇರ ತಲೆ, ಮುಖಕ್ಕೇ ಕೈ ಹಾಕುತ್ತದೆ. ಬೆಳಗಿನ ಜಾವ ಶೇಂಗಾ ಹೊಲಕ್ಕೆ ಹೋಗಿ ಬಲಗಿವಿ ಕಳಕೊಂಡ ಒಬ್ಬ ರೈತರು ಒಂದು ವರ್ಷ ಟವಲ್ ಸುತ್ತಿಕೊಂಡೇ ಓಡಾಡಿದ್ದರು. ಪಕ್ಕೆಲುಬಿನ ಮಾತೆತ್ತಿದರೆ, "ಇನ್ನೊಮ್ಮೆ ಕೊಯ್ಯೂದು ಬ್ಯಾಡ್ರಿ" ಅಂದರು.

ಹಲ್ಲಿನ ಅಳತೆಗೆ ಬಳಸುವ ಆಲ್ಜಿನೇಟ್ ಪುಡಿ ಕಲಸಿ ಎಡಗಿವಿಯ ಅಚ್ಚು ತೆಗೆದೆ. ಅದೂ ಸಮುದ್ರದ ಪಾಚಿಯಿಂದ ಬರುವ ಪಾಲಿಮರ್ರೇ. ಆ ಅಚ್ಚಿನ ಕಿವಿಗೆ ಕನ್ನಡಿ ಹಿಡಿದು, ಕನ್ನಡಿಯಲ್ಲಿ ಕಂಡದ್ದನ್ನು ನೋಡುತ್ತಾ ಮೇಣದಲ್ಲಿ ಬಲಗಿವಿ ಕೆತ್ತಿದೆ. ಅದನ್ನು ಪ್ಲಾಸ್ಟರಿನಲ್ಲಿ ಹೂತು, ಕುದಿನೀರಿನಿಂದ ಮೇಣ ತೊಳೆದು, ಆ ಖಾಲಿ ಜಾಗಕ್ಕೆ ಬಣ್ಣ ಕಲಸಿದ ಸಿಲಿಕೋನ್ ಪದರ ಪದರವಾಗಿ ತುಂಬಿದೆ. ನಡುವೆ ನರದ ಹಾಗೆ ಕಾಣಲಿ ಅಂತ ಕೆಂಪು ರೇಯಾನ್ ಎಳೆ. ಅಂಟು ಹಚ್ಚಿ ಕೂರಿಸಿಕೊಳ್ಳಬೇಕು, ರಾತ್ರಿ ತೆಗೆದು ತೊಳೆದಿಡಬೇಕು.

ಜನವರಿಯಲ್ಲಿ ಬಣ್ಣ ಹೊಂದಿಸಿ ಕೊಟ್ಟಿದ್ದೆ. ಮೇ ತಿಂಗಳಲ್ಲಿ ವಾಪಸ್ ಬಂದರು, ಕಿವಿಯನ್ನು ಅಂಗೈಯಲ್ಲಿ ಇಟ್ಟುಕೊಂಡು. "ನಾ ಕರ್ರಗಾಗೀನಿ, ಇದು ಮಾತ್ರ ಹಂಗ ಐತಿ ನೋಡ್ರಿ."

ಈಗ ಅವರ ಹತ್ತಿರ ಎರಡು ಕಿವಿ ಇವೆ. ಒಂದು ಬೇಸಿಗೆಗೆ.