ಪೂಜೆಗಿಟ್ಟ ಈಜಿನ ಪಾಸು

2020ರ ಅಕ್ಟೋಬರ್. ನಿನ್ನೆ ಆಯುಧಪೂಜೆ. ಸ್ಕೂಟರ್ ತೊಳೆದು, ಬೂದುಗುಂಬಳಕಾಯಿ ಒಡೆದು ಒಳಗೆ ಬಂದ ಮೇಲೆ ದೇವರ ಮುಂದೆ ಇನ್ನೂ ಎರಡು ಸಾಮಾನು ಇಟ್ಟೆ. ನನ್ನ ಈಜುಕೊಳದ ಪಾಸು, ನೀರಲ್ಲಿ ಹಾಕಿಕೊಳ್ಳುವ ಕನ್ನಡಕ. ಏಳು ತಿಂಗಳಿಂದ ಬೀರುವಿನಲ್ಲೇ ಇದ್ದವು. ಕನ್ನಡಕದ ರಬ್ಬರ್ ಅಂಟಂಟಾಗಿದೆ. ಎರಡಕ್ಕೂ ಕುಂಕುಮ ಇಟ್ಟು ಸೇವಂತಿಗೆ ಏರಿಸಿದೆ.

ರಾತ್ರಿ ಅಮೆರಿಕದ ಡೆನ್ವರ್‌ನಿಂದ ತಮ್ಮ ವಿಡಿಯೋ ಕಾಲ್ ಮಾಡಿದ. ಅವನ ಮನೆಯಲ್ಲೂ ಪೂಜೆ ಆಗಿತ್ತು. ಕಾರಿನ ಕೀ, ಲ್ಯಾಪ್‌ಟಾಪ್, ಪಕ್ಕದಲ್ಲಿ ಗೋಡೆಗೆ ಒರಗಿಸಿದ, ಹಿಮದ ಮೇಲೆ ಜಾರುವ ಸ್ಕೀ ಹಲಗೆಗಳು. ಅವಕ್ಕೂ ಅರಿಶಿನ ಕುಂಕುಮ. ‘ಅಕ್ಕಾ, ಈ ಸಲನಾದ್ರೂ ಪೂರ್ತಿ ಸೀಸನ್ ಸಿಗುತ್ತಾ ನೋಡಬೇಕು’ ಅಂದ. ಕೋವಿಡ್ ನನ್ನ ಈಜಿನ ಪಾಸನ್ನೂ ಅವನ ಸ್ಕೀ ಪಾಸನ್ನೂ ಒಂದೇ ದಿನ ನಿಲ್ಲಿಸಿತು ಅನ್ನೋದು ಆಗ ಹೊಳೆಯಿತು. ಮಾರ್ಚ್ 14, ಶನಿವಾರ. ಮಾಲು, ಚಿತ್ರಮಂದಿರಗಳನ್ನು ಒಂದು ವಾರ ಮುಚ್ಚಬೇಕೆಂದು ನಮ್ಮ ಸರ್ಕಾರ ಹಿಂದಿನ ದಿನ ಹೇಳಿತ್ತು. ಬೆಳಿಗ್ಗೆ ಹೋದರೆ ನಮ್ಮ ಕೊಳದ ಗೇಟಿಗೂ ಚೀಟಿ ಅಂಟಿಸಿದ್ದರು. ಅದೇ ದಿನ ತಮ್ಮ ಇರುವ ಕೊಲರಾಡೊದ ಗವರ್ನರ್ ರಾಜ್ಯದ ಸ್ಕೀ ತಾಣಗಳನ್ನೆಲ್ಲ ಮುಚ್ಚಿಸಿದರು. ಬೆಟ್ಟದ ಮೇಲೆ ಇನ್ನೂ ದಪ್ಪಗೆ ಹಿಮ ಇತ್ತಂತೆ.

ನನಗೆ ನಲವತ್ತಾರಕ್ಕೆ ಮಂಡಿನೋವು ಶುರುವಾಯಿತು. ನೀರಿನಲ್ಲಿ ಮೈಭಾರ ಮಂಡಿಗೆ ಬೀಳೋದಿಲ್ಲ, ಈಜು ಕಲಿಯಿರಿ ಎಂದರು ಡಾಕ್ಟರು. ಬೆಳಿಗ್ಗೆ ಆರರ ಹೆಂಗಸರ ಬ್ಯಾಚು. ಮೊದಲ ಹದಿನೈದು ದಿನ ಕಂಬಿ ಬಿಟ್ಟಿರಲಿಲ್ಲ. ಆಮೇಲೆ ಒಂದು ದಿನ ಕೋಚ್ ನನ್ನ ಬೆನ್ನ ಕೆಳಗಿಂದ ಕೈ ತೆಗೆದದ್ದು ಗೊತ್ತೇ ಆಗಲಿಲ್ಲ. ತೇಲುತ್ತಾ ಆಕಾಶ ನೋಡುತ್ತಿದ್ದೆ. ಕಿವಿಯೊಳಗೆ ನೀರಿನ ಸದ್ದು ಬಿಟ್ಟು ಬೇರೇನೂ ಇಲ್ಲ. ಆ ಬೆಳಗನ್ನು ನಾನು ಮರೆಯೋದಿಲ್ಲ.

ಈ ಫೆಬ್ರವರಿ 1ಕ್ಕೆ ವರ್ಷದ ಪಾಸು ಮಾಡಿಸಿದೆ. 12,000 ರೂಪಾಯಿ. ಟ್ಯೂಷನ್ ಹೇಳಿ ಕೂಡಿಟ್ಟಿದ್ದ ದುಡ್ಡು. 42 ದಿನ ಕಳೆಯಿತು. ಉಳಿದದ್ದು 324.

ಜೂನ್‌ನಲ್ಲಿ ಹೋಗಿ ಆ ದಿನಗಳ ಕತೆ ಏನು ಅಂತ ಕೇಳಿದೆ. ‘ಮುಚ್ಚಿದ್ದು ನಾವಲ್ಲ ಮೇಡಂ, ಸರ್ಕಾರ’ ಅಂದರು. ಅದು ನಿಜ. ಅವರ ಕಷ್ಟವೂ ನನಗೆ ಕಾಣುತ್ತದೆ. ಜನ ಬರಲಿ ಬಿಡಲಿ, ಪಂಪು ಓಡಿಸಿ ನೀರು ಸೋಸುತ್ತಿರಬೇಕು, ಕ್ಲೋರಿನ್ ಹಾಕುತ್ತಿರಬೇಕು. ಬಿಟ್ಟರೆ ಕೆಲವೇ ದಿನದಲ್ಲಿ ಕೊಳ ಹಸಿರಾಗುತ್ತದೆ. ಕೋಚ್ ಸಂಬಳ ನಿಂತು ಮದ್ದೂರಿನ ಹತ್ತಿರದ ತಮ್ಮ ಊರಿಗೆ ಹೋಗಿದ್ದಾರೆ. ಈಗ ಎಳನೀರು ಲೋಡ್ ಮಾಡಿಸುವ ಕೆಲಸ. ನನ್ನನ್ನು ನೀರಿಗೆ ಇಳಿಸಿದ ಮನುಷ್ಯ ಅವರು. ನೆನೆದರೆ ಹೊಟ್ಟೆ ಉರಿಯುತ್ತದೆ.

ಆದರೂ ಮುಂಗಡ ಕೊಟ್ಟವರ ತಲೆ ಮೇಲೇ ಪೂರ್ತಿ ನಷ್ಟ ಹಾಕೋದು ಸರಿಯಲ್ಲ ಅಲ್ವಾ? ವರ್ಷದ ಪಾಸು ಅಂದರೆ ಏನು? ಮಳೆಗಾಲದಲ್ಲಿ ಜನ ಕಡಿಮೆಯಾದರೂ ಕೊಳ ನಡೆಯಲಿ ಅಂತ ನಾವು ಮೊದಲೇ ದುಡ್ಡು ಕೊಡುತ್ತೇವೆ. ಸ್ಕೀ ಪಾಸಿನ ಲೆಕ್ಕವೂ ಇದೇ ಎಂದ ತಮ್ಮ. ಅಲ್ಲಿನ ವೇಲ್ ಎಂಬ ಸ್ಕೀ ತಾಣದಲ್ಲಿ ಜನಜಂಗುಳಿಯ ಸಮಯಕ್ಕೆ ಕೌಂಟರ್‌ಗೆ ಹೋದರೆ ಒಂದು ದಿನದ ಟಿಕೆಟ್ಟೇ 200 ಡಾಲರ್ ದಾಟುತ್ತದೆ. ಮೊದಲೇ ಕೊಂಡರೆ ಅದೇ ಕಂಪನಿಯ ಎಪಿಕ್ ಪಾಸ್ 2020-21ರ ಇಡೀ ಸೀಸನ್‌ಗೆ 979 ಡಾಲರ್. ಹಿಮ ಬೀಳುವ ಮುಂಚೆಯೇ ಕಂಪನಿ ಕೈಗೆ ದುಡ್ಡು ಬಂದಿರುತ್ತದೆ. ಆ ವರ್ಷ ಹಿಮ ಕಡಿಮೆಯಾದರೂ ಅದು ತಡೆದುಕೊಳ್ಳುತ್ತದೆ.

ಅಲ್ಲಿ ಏಪ್ರಿಲ್ ಕೊನೆಯಲ್ಲೇ ಒಂದು ಲೆಕ್ಕ ಹೇಳಿದರಂತೆ. ಸೀಸನ್ ಪಾಸು ಇದ್ದವರಿಗೆ ಮುಂದಿನ ವರ್ಷದ ಪಾಸಿನಲ್ಲಿ ಕನಿಷ್ಠ ಶೇ 20 ಕಡಿತ. ಐದು ದಿನಕ್ಕಿಂತ ಕಡಿಮೆ ಹೋಗಿದ್ದವರಿಗೆ ಇನ್ನೂ ಜಾಸ್ತಿ, ಶೇ 80ರವರೆಗೂ. ನಗದು ಅಲ್ಲ, ಆದರೂ ಏನೋ ಒಂದು ಕೈಗೆ ಸಿಕ್ಕಿತು. ಮತ್ತೆ ಮುಚ್ಚಿದರೆ ಯಾವ ಲೆಕ್ಕದಲ್ಲಿ ವಾಪಸ್ ಅನ್ನೋದನ್ನೂ ಹೊಸ ಪಾಸಿನ ಜೊತೆ ಬರೆದು ಕೊಟ್ಟಿದ್ದಾರೆ. ಈ ಸಲ ಹೋಗುವ ದಿನವನ್ನು ಮೊದಲೇ ಕಾದಿರಿಸಬೇಕು. ಡಿಸೆಂಬರ್ 7ರವರೆಗೆ ಪಾಸು ಇದ್ದವರಿಗೆ ಮಾತ್ರ ಪ್ರವೇಶ. ತಮ್ಮನಿಗೂ ಅನುಮಾನ ಪೂರ್ತಿ ಹೋಗಿಲ್ಲ. ಆದರೆ ಏನನ್ನು ನಂಬಿ ದುಡ್ಡು ಕಟ್ಟಿದೆ ಅನ್ನೋದು ಅವನಿಗೆ ಗೊತ್ತಿದೆ. ನನಗೆ ಬೇಕಿರೋದೂ ಅಷ್ಟೇ.

ನಮ್ಮ ಕೊಳದಿಂದ ಬಂದದ್ದು ಒಂದು ಮೆಸೇಜ್. ಅಕ್ಟೋಬರ್ 31ರೊಳಗೆ ಮುಂದಿನ ವರ್ಷದ ಪಾಸು ಮಾಡಿಸಿದರೆ ಹಳೇ ದರ. ಯಾವಾಗ ತೆರೆಯುತ್ತಾರೆ ಅಂತ ಇಲ್ಲ. ಹಳೇ ದಿನಗಳ ಮಾತೂ ಇಲ್ಲ. ಈ ತಿಂಗಳು 15ರಿಂದ ಕ್ರೀಡಾಪಟುಗಳ ತರಬೇತಿಗೆ ಮಾತ್ರ ಈಜುಕೊಳ ತೆರೆಯಬಹುದು ಎಂದು ಕೇಂದ್ರ ಹೇಳಿದೆ. ಮಂಡಿಗಾಗಿ ಈಜುವವರ ಸರದಿ ಇನ್ನೂ ಬಂದಿಲ್ಲ. ಬರಲೇಬೇಕು ಅಂತ ನಾನು ಹಟ ಮಾಡೋದೂ ಇಲ್ಲ. ಇವತ್ತು ಜಂಬೂ ಸವಾರಿಯೇ ಅರಮನೆ ಆವರಣ ದಾಟಲಿಲ್ಲ. ಅಭಿಮನ್ಯು ಮೊದಲ ಸಲ ಅಂಬಾರಿ ಹೊತ್ತದ್ದನ್ನು ಮೈಸೂರಿನಲ್ಲೇ ಇದ್ದು ಟಿವಿಯಲ್ಲಿ ನೋಡಿದೆವು. ಬನ್ನಿಮಂಟಪದ ದಾರಿಯಲ್ಲಿ ಜನ ಇಲ್ಲದ ವಿಜಯದಶಮಿಯನ್ನು ನಾನು ಕಂಡೇ ಇರಲಿಲ್ಲ. ಇಂಥ ವರ್ಷದಲ್ಲಿ ಕೊಳ ಮುಚ್ಚಿದ್ದು ತಪ್ಪು ಅಂತ ಯಾರು ಹೇಳುತ್ತಾರೆ?

ಬೆಳಿಗ್ಗೆ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ನಡೆಯುತ್ತೇನೆ. ಅರ್ಧ ಸುತ್ತಿಗೆ ಮಂಡಿ ಹಿಡಿಯುತ್ತದೆ. ಕಲ್ಲು ಬೆಂಚಿನ ಮೇಲೆ ಕೂತು ಹೆಜ್ಜಾರ್ಲೆಗಳು ನೀರಿಗೆ ಇಳಿಯೋದನ್ನು ಸುಮ್ನೆ ನೋಡುತ್ತೇನೆ.

ಹೋದ ವಾರ ನಮ್ಮ ಬ್ಯಾಚಿನ ಏಳು ಜನ ಅಲ್ಲೇ ಸೇರಿ ಒಂದು ಕಾಗದ ಬರೆದೆವು. ದುಡ್ಡು ವಾಪಸ್ ಕೇಳಿಲ್ಲ. ನಮ್ಮ ಪಾಸಿನ ಹಿಂದೆ ಉಳಿದ ದಿನ ಎಷ್ಟು ಅಂತ ಬರೆದು, ಸೀಲು ಹಾಕಿ ಕೊಡಿ. ಕೊಳ ತೆರೆದ ದಿನದಿಂದ ಅವನ್ನು ಎಣಿಸಿ. ಹಾಗೆ ಮಾಡಿದರೆ ಮುಂದಿನ ವರ್ಷದ ಅರ್ಧ ದುಡ್ಡು ಈಗಲೇ ಕೊಡುತ್ತೇವೆ, ಕೋಚ್‌ನ ವಾಪಸ್ ಕರೆಸಿಕೊಳ್ಳಿ. ಇಷ್ಟೇ ಕಾಗದ. ಏಳೂ ಜನ ಸಹಿ ಹಾಕಿ ಕಚೇರಿಗೆ ಕೊಟ್ಟು ಬಂದೆವು.

ಉತ್ತರ ಬಂದಿಲ್ಲ. 31 ಶನಿವಾರ. ಅಲ್ಲಿಯವರೆಗೆ ಪಾಸು ದೇವರ ಮುಂದೆಯೇ ಇರಲಿ.