ಮಳೆಗಾಲವೇ ಸಿಲಬಸ್: ತುರ್ತು ಚಿಕಿತ್ಸಾ ಘಟಕದಲ್ಲಿ ಒಂದು ಓದಿನ ಪ್ರಯೋಗ

ಏಪ್ರಿಲ್ 2025

ತುರ್ತು ಚಿಕಿತ್ಸೆಯ ಓದು ಪಠ್ಯಪುಸ್ತಕದ ಕ್ರಮದಲ್ಲಿ ಸಾಗುವುದಿಲ್ಲ. ಪುಸ್ತಕದಲ್ಲಿ ಹೃದಯ ಮುಗಿದ ಮೇಲೆ ಶ್ವಾಸಕೋಶ, ಅದು ಮುಗಿದ ಮೇಲೆ ಮೂತ್ರಪಿಂಡ. ಬಾಗಿಲಿಗೆ ಬರುವವರು ಮಾತ್ರ ‘ಉಸಿರು ಕಟ್ಟುತ್ತಿದೆ’ ಎಂದಷ್ಟೇ ಹೇಳುತ್ತಾರೆ. ಅದು ಯಾವ ಅಧ್ಯಾಯವೆಂದು ಮೊದಲ ಹತ್ತು ನಿಮಿಷಗಳಲ್ಲಿ ನಾವೇ ಹುಡುಕಿಕೊಳ್ಳಬೇಕು.

ನಾನಿರುವುದು ಮಲೆನಾಡಿನ ಒಂದು ತಾಲ್ಲೂಕು ಆಸ್ಪತ್ರೆಯಲ್ಲಿ. ತುರ್ತು ವೈದ್ಯಕೀಯಕ್ಕೆ ನಮ್ಮ ದೇಶದಲ್ಲಿ ಪ್ರತ್ಯೇಕ ಸ್ನಾತಕೋತ್ತರ ವಿಷಯವೆಂಬ ಮಾನ್ಯತೆ ಸಿಕ್ಕಿದ್ದೇ 2009ರಲ್ಲಿ. ಹಾಗಾಗಿ ನಮ್ಮಂಥ ಕಡೆ ರಾತ್ರಿ ಪಾಳಿಯಲ್ಲಿರುವುದು ಎಂಬಿಬಿಎಸ್ ಮುಗಿಸಿದ ಒಬ್ಬ ಡ್ಯೂಟಿ ಡಾಕ್ಟರ್, ಒಬ್ಬಿಬ್ಬರು ಶುಶ್ರೂಷಾಧಿಕಾರಿಗಳು, ಒಬ್ಬ ಗ್ರೂಪ್ ಡಿ ನೌಕರ. ನೋಂದಣಿ ನವೀಕರಣಕ್ಕೆ ಐದು ವರ್ಷಕ್ಕೆ 30 ಕ್ರೆಡಿಟ್ ಬೇಕೆಂದು ನಾವು ಸಿಎಂಇ ಎಂಬ ವೈದ್ಯರ ಮುಂದುವರಿದ ಶಿಕ್ಷಣದ ಕಾರ್ಯಕ್ರಮಗಳಿಗೆ ಹೋಗುತ್ತೇವೆ. ಸಭಾಂಗಣ, ತಂಪು ಹವೆ, ಒಳ್ಳೆಯ ಊಟ, ಕೊನೆಯಲ್ಲಿ ಪ್ರಮಾಣಪತ್ರ. ಬೆಳಗಿನ ಉಪನ್ಯಾಸ ಪಾಯಸದ ಹೊತ್ತಿಗೇ ಅರ್ಧ ಕರಗಿರುತ್ತದೆ. ಸಿಎಂಇ ಬೇಡವೆಂದಲ್ಲ, ಅದನ್ನೇ ಓದು ಎಂದುಕೊಂಡರೆ ಮಾತ್ರ ಕಷ್ಟ.

ಈ ವರ್ಷದ ಯೋಜನೆ ಸರಳ. ಘಟಕದ ಹಳೆಯ ರಿಜಿಸ್ಟರುಗಳನ್ನು ತಿರುವಿ, ಯಾವ ತಿಂಗಳಲ್ಲಿ ಏನು ಬರುತ್ತದೆ ಎಂದು ಪಟ್ಟಿ ಮಾಡಿದೆ. ಜೂನ್ ಹಿಡಿಯುತ್ತಿದ್ದಂತೆ ಹಾವು ಕಡಿತ. ಅಡಿಕೆಗೆ ಔಷಧಿ ಹೊಡೆಯುವಾಗ ಮರದಿಂದ ಬಿದ್ದವರು, ಕೊಯ್ಲಿನಲ್ಲಿ ಮತ್ತೆ ಬಿದ್ದವರು. ನಡುವೆ ಹೆಜ್ಜೇನು, ಕಣಜ. ಡಿಸೆಂಬರ್‌ನಿಂದ ಕಾಡಂಚಿನ ಜ್ವರ. ಎದೆನೋವಿಗೂ ವಿಷ ಸೇವನೆಗೂ ಋತುಮಾನವಿಲ್ಲ, ಅವು ವರ್ಷಪೂರ್ತಿ. ಇದೇ ನನ್ನ ಸಿಲಬಸ್. ಒಂದು ವಿಷಯ ಘಟಕಕ್ಕೆ ಬರುವ ಎರಡು ಮೂರು ವಾರ ಮೊದಲು ಅದನ್ನು ಓದಿ, ಬರುತ್ತಿರುವಾಗ ಪರೀಕ್ಷಿಸಿಕೊಳ್ಳುವುದು.

ಓದುವ ಬಗೆಯನ್ನೂ ಬದಲಿಸಿದ್ದೇನೆ. ಹಳದಿ ಪೆನ್ನಿನಲ್ಲಿ ಗೀಟು ಎಳೆದು ಮತ್ತೆ ಮತ್ತೆ ಓದುವುದನ್ನು ಬಿಟ್ಟಾಯಿತು. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕೆ ಪ್ರಕಟಿಸಿದ ಪ್ರಯೋಗವೊಂದಿದೆ: ಒಂದು ಪಾಠವನ್ನು ಮರುಓದಿದವರು ಐದು ನಿಮಿಷದ ನಂತರದ ಪರೀಕ್ಷೆಯಲ್ಲಿ ಮುಂದಿದ್ದರು, ಪುಸ್ತಕ ಮುಚ್ಚಿ ನೆನಪಿಸಿಕೊಂಡು ಬರೆದವರು ವಾರದ ನಂತರ ಅವರನ್ನು ಹಿಂದಿಕ್ಕಿದರು. ನಮ್ಮ ರೋಗಿ ಐದು ನಿಮಿಷದ ನಂತರ ಬರುವವನಲ್ಲ. ಆದ್ದರಿಂದ ರಟ್ಟಿನ ಕಾರ್ಡು, ಒಂದು ಬದಿ ಪ್ರಶ್ನೆ, ಇನ್ನೊಂದು ಬದಿ ಉತ್ತರ. ಜರ್ಮನಿಯ ಸೆಬಾಸ್ಟಿಯನ್ ಲೈಟ್ನರ್ 1970ರ ದಶಕದಲ್ಲಿ ಜನಪ್ರಿಯಗೊಳಿಸಿದ ಡಬ್ಬಿ ಪದ್ಧತಿಯನ್ನೇ ಹಿಡಿದಿದ್ದೇನೆ: ಸರಿ ಹೇಳಿದ ಕಾರ್ಡು ಮುಂದಿನ ಡಬ್ಬಿಗೆ ಹೋಗಿ ತಡವಾಗಿ ಮರಳುತ್ತದೆ, ತಪ್ಪಿದ ಕಾರ್ಡು ಮೊದಲ ಡಬ್ಬಿಗೆ ಬಂದು ನಾಳೆಯೇ ಎದುರಾಗುತ್ತದೆ. ಮೊಬೈಲಿನಲ್ಲಿ ಆಂಕಿ ಎಂಬ ಆ್ಯಪ್ ಇದೇ ಕೆಲಸವನ್ನು ಅಚ್ಚುಕಟ್ಟಾಗಿ ಮಾಡುತ್ತದೆ. ಆದರೆ ಘಟಕದ ಮೇಜಿನ ಮೇಲಿಟ್ಟ ರಟ್ಟಿನ ಕಾರ್ಡನ್ನು ಯಾರು ಬೇಕಾದರೂ ಎತ್ತಿ ಕೇಳಬಹುದು. ಅದೇ ಅದರ ಲಾಭ.

ಜೂನ್

ಹಾವಿನ ಕಾರ್ಡುಗಳು ಮೇ ಕೊನೆಗೇ ಸಿದ್ಧವಾದವು. 2024ರಲ್ಲಿ ಕರ್ನಾಟಕ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣಗಳ ಪಟ್ಟಿಗೆ ಸೇರಿಸಿದ್ದರಿಂದ ಈಗ ಎಲ್ಲರಿಗೂ ಈ ವಿಷಯದಲ್ಲಿ ಸ್ವಲ್ಪ ಮುತುವರ್ಜಿ ಇದೆ.

ಇಲ್ಲಿ ಕಲಿತ ಮುಖ್ಯ ಸಂಗತಿ, ಕಾರ್ಡಿನ ಪ್ರಶ್ನೆ ಕೈ ಮಾಡುವ ಕೆಲಸದ ಮಟ್ಟಕ್ಕೆ ಇಳಿಯಬೇಕು ಎಂಬುದು. ‘ಮಂಡಲದ ಹಾವಿನ ವಿಷ ಹೇಗೆ ಕೆಲಸ ಮಾಡುತ್ತದೆ?’ ಎಂಬ ಕಾರ್ಡಿಗೆ ನಾನು ಪುಟಗಟ್ಟಲೆ ಹೇಳಬಲ್ಲೆ. ಅದು ಪರೀಕ್ಷೆಯ ಪ್ರಶ್ನೆ. ರಾತ್ರಿ ಬೇಕಾಗುವ ಪ್ರಶ್ನೆಗಳು ಬೇರೆ. ಮಂಡಲದ ವಿಷ ರಕ್ತ ಹೆಪ್ಪುಗಟ್ಟದಂತೆ ಮಾಡಿದೆಯೇ ಎಂದು ತಿಳಿಯುವ ಇಪ್ಪತ್ತು ನಿಮಿಷದ ಪರೀಕ್ಷೆಗೆ ಯಾವ ನಳಿಕೆ? ಗಾಜಿನದು, ಹೊಸದು, ಒಣಗಿದ್ದು. ಪ್ಲಾಸ್ಟಿಕ್ ಆಗದು, ಸಾಬೂನಿನಲ್ಲಿ ತೊಳೆದದ್ದೂ ಆಗದು, ಏಕೆಂದರೆ ಹೆಪ್ಪುಗಟ್ಟುವ ಕ್ರಿಯೆಗೆ ಗಾಜಿನ ಮೇಲ್ಮೈಯೇ ಚಾಲನೆ ಕೊಡಬೇಕು. ರಕ್ತ ಎಷ್ಟು? ಎರಡು ಮಿ.ಲೀ. ನಡುವೆ ಎಷ್ಟು ಸಲ ಅಲ್ಲಾಡಿಸಿ ನೋಡಬಹುದು? ಒಂದು ಸಲವೂ ಇಲ್ಲ. ಆ ನಳಿಕೆ ನಮ್ಮಲ್ಲಿ ಎಲ್ಲಿದೆ? ಎಡಗಡೆ ಕಪಾಟಿನ ಎರಡನೆಯ ಅರೆಯಲ್ಲಿ, ನೀಲಿ ಮುಚ್ಚಳದ ಡಬ್ಬಿಯಲ್ಲಿ.

ಕೊನೆಯ ಪ್ರಶ್ನೆ ಸೇರಿಸಿದ್ದು ನಮ್ಮ ಹಿರಿಯ ಸಿಸ್ಟರ್. ‘ಡಾಕ್ಟರೇ, ಉತ್ತರ ಗೊತ್ತಿದ್ದು ನಳಿಕೆ ಸಿಗದಿದ್ದರೆ ಏನು ಬಂತು?’ ಎಂದರು. ಅಂದಿನಿಂದ ಪ್ರತಿ ಕಾರ್ಡಿನ ಹಿಂಬದಿಯಲ್ಲಿ ‘ಎಲ್ಲಿದೆ?’ ಎಂಬ ಸಾಲು ಕಡ್ಡಾಯ. ಈ ಪ್ರಯೋಗದಲ್ಲಿ ಇದಕ್ಕಿಂತ ಉಪಯುಕ್ತವಾದ ಬದಲಾವಣೆ ಇನ್ನೊಂದಾಗಿಲ್ಲ.

ನಮ್ಮಲ್ಲಿ ಸಿಗುವ ಪ್ರತಿವಿಷ ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕಕ್ಕೆ. ಪಶ್ಚಿಮ ಘಟ್ಟದ ಹಂಪ್‌ನೋಸ್ಡ್ ಪಿಟ್ ವೈಪರ್ ಎಂಬ ವಿಷಹಾವಿಗೆ ಅದು ಪ್ರಯೋಜನಕ್ಕೆ ಬಾರದು. ಮಲೆನಾಡಿನಲ್ಲಿರುವವರು ಈ ಕಾರ್ಡನ್ನು ಮೊದಲ ಡಬ್ಬಿಯಿಂದ ಕದಲಿಸಬಾರದು. ಇನ್ನೊಂದು: ಮಗುವಿಗೂ ದೊಡ್ಡವರಷ್ಟೇ ವಯಲ್ (ಬಾಟಲಿ) ಪ್ರತಿವಿಷ, ಏಕೆಂದರೆ ಕಚ್ಚುವ ಹಾವು ತೂಕ ನೋಡಿ ವಿಷ ಬಿಡುವುದಿಲ್ಲ. ಮತ್ತೊಂದು: ನೆಲದ ಮೇಲೆ ಮಲಗಿದ್ದವರು ಬೆಳಗಿನ ಜಾವ ಹೊಟ್ಟೆನೋವು ಎಂದು ಬಂದರೆ ಮೊದಲು ಎಲ್ಲಿ ನೋಡಬೇಕು? ಕಣ್ಣಿನ ರೆಪ್ಪೆ. ಕಟ್ಟುಹಾವಿನ ಕಡಿತದ ಗುರುತು ಕಾಣಿಸದೆಯೂ ಇರಬಹುದು, ಜೋತುಬಿದ್ದ ರೆಪ್ಪೆ ಕಾಣಿಸುತ್ತದೆ.

ಜುಲೈ

ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವ ಕಾಲ. ಮಳೆ ಬಿಟ್ಟ ಎರಡು ಗಂಟೆಯಲ್ಲಿ ಮರ ಹತ್ತುತ್ತಾರೆ, ಕಾಂಡ ಜಾರುತ್ತಿರುತ್ತದೆ. ಬಿದ್ದವರ ಕುತ್ತಿಗೆ, ಸೊಂಟದ ಮೂಳೆ, ಒಳರಕ್ತಸ್ರಾವ ಇವುಗಳ ಬಗ್ಗೆ ಎಲ್ಲರಿಗೂ ಚೆನ್ನಾಗಿಯೇ ಅಭ್ಯಾಸವಿದೆ, ಅಲ್ಲಿ ಹೆಚ್ಚು ಹೊತ್ತು ಕಳೆಯಲಿಲ್ಲ.

ಹೊತ್ತು ಕಳೆದದ್ದು ವಿಷಗಳ ಕಾರ್ಡಿನಲ್ಲಿ. ಬೋರ್ಡೋಗೆ ಸುಣ್ಣದ ಜೊತೆ ಸೇರುವುದು ಮೈಲುತುತ್ತ. ಅದನ್ನು ನುಂಗಿದವರಲ್ಲಿ ನೀಲಿ ಹಸಿರು ವಾಂತಿ, ಆಮೇಲೆ ಕೆಂಪು ರಕ್ತಕಣಗಳ ನಾಶ, ಕೆಲವರಲ್ಲಿ ಆಮ್ಲಜನಕ ಒಯ್ಯಲಾರದ ಮೆಟ್‌ಹಿಮೋಗ್ಲೋಬಿನ್. ಆಮ್ಲಜನಕ ಎಷ್ಟು ಕೊಟ್ಟರೂ ಬೆರಳಿನ ಮೀಟರ್ 85ರ ಆಸುಪಾಸಿನಲ್ಲಿ ನಿಂತಿದ್ದು, ತೆಗೆದ ರಕ್ತ ಚಾಕೊಲೇಟ್ ಬಣ್ಣದಲ್ಲಿದ್ದರೆ ಅದನ್ನು ನೆನೆಯಬೇಕು. ಅದಕ್ಕೆ ಕೊಡುವ ಮದ್ದು ಮೆಥಿಲೀನ್ ಬ್ಲೂ ‘ಎಲ್ಲಿದೆ?’ ಎಂಬ ಸಾಲು ತುಂಬಲು ಔಷಧ ಉಗ್ರಾಣಕ್ಕೆ ಹೋದೆ. ಅಲ್ಲಿಂದ ಇಂಡೆಂಟ್ (ಬೇಡಿಕೆ ಪತ್ರ) ಹಾಕುವ ಕೆಲಸ ಶುರುವಾಯಿತು. ಓದು ಕೆಲವೊಮ್ಮೆ ಗುಮಾಸ್ತಿಕೆಯಾಗಿ ಮುಗಿಯುತ್ತದೆ.

ಪ್ಯಾರಾಕ್ವಾಟ್ ಕಳೆನಾಶಕದ ಕಾರ್ಡು ಕೈಯ ರೂಢಿಗೇ ವಿರುದ್ಧ: ಆಮ್ಲಜನಕ ಇಳಿಯದ ಹೊರತು ಆಮ್ಲಜನಕ ಕೊಡಬೇಡ, ಶ್ವಾಸಕೋಶಕ್ಕೆ ಅದರಿಂದ ಇನ್ನಷ್ಟು ಹಾನಿ. ಮಾಸ್ಕ್ ಹಾಕುವುದು ನಮಗೆಲ್ಲ ಉಸಿರಾಟದಷ್ಟೇ ಸಹಜವಾಗಿರುವುದರಿಂದ ಈ ಕಾರ್ಡನ್ನು ಆಗಾಗ ಎತ್ತುತ್ತೇವೆ.

ಆರ್ಗನೋಫಾಸ್ಫೇಟ್ ಕೀಟನಾಶಕಕ್ಕೆ ಅಟ್ರೋಪಿನ್ ದ್ವಿಗುಣ ಲೆಕ್ಕ ಎಲ್ಲರಿಗೂ ಬಾಯಿಪಾಠ. ನಮ್ಮಲ್ಲಿನ ಆಂಪೂಲ್ 0.6 ಮಿ.ಗ್ರಾಂ, ಮೂರು ಆಂಪೂಲ್, ಐದು ನಿಮಿಷದ ಬಳಿಕ ಸಾಲದಿದ್ದರೆ ಆರು, ಮತ್ತೆ ಹನ್ನೆರಡು. ಬಾಯಿಪಾಠ ಸಾಲದು ಎಂದು ತಿಳಿದದ್ದು ಅಭ್ಯಾಸಕ್ಕೆ ಕುಳಿತಾಗ. ಅವಧಿ ಮೀರಿದ ಆಂಪೂಲುಗಳನ್ನು ಟ್ರೇಯಲ್ಲಿ ಸುರಿದು ಗಡಿಯಾರ ಇಟ್ಟೆವು. ಒಬ್ಬರೇ ಕುತ್ತಿಗೆ ಮುರಿದು, ಎಳೆದು, ಹನ್ನೆರಡು ಮುಗಿಸುವಷ್ಟರಲ್ಲಿ ಮುಂದಿನ ಡೋಸಿನ ಹೊತ್ತು ಹತ್ತಿರ ಬಂದಿರುತ್ತದೆ. ಒಬ್ಬರು ಹತ್ತಿಯಲ್ಲಿ ಹಿಡಿದು ಮುರಿಯುತ್ತಾ ಹೋಗುವುದು, ಇನ್ನೊಬ್ಬರು ದೊಡ್ಡ ಸಿರಿಂಜಿಗೆ ಎಳೆಯುವುದು, ಮೂರನೆಯವರು ಸ್ಟೆತಸ್ಕೋಪ್ ಹಿಡಿದು ಎದೆಯ ಬಳಿ ನಿಂತು ಕೇಳುವುದು ಎಂದು ಕೆಲಸ ಹಂಚಿಕೊಂಡೆವು. ನಿಲ್ಲಿಸುವ ಗುರಿಯೂ ಕಾರ್ಡಿನಲ್ಲಿದೆ: ಶ್ವಾಸಕೋಶದಲ್ಲಿ ಗೊರಗೊರ ಇಲ್ಲ, ನಾಡಿ 80ಕ್ಕಿಂತ ಮೇಲೆ, ಮೇಲಿನ ರಕ್ತದೊತ್ತಡ 80ಕ್ಕಿಂತ ಮೇಲೆ. ಕಣ್ಣಿನ ಪಾಪೆ ಪೂರ್ತಿ ಅರಳಲಿ ಎಂದು ಕಾಯುತ್ತಾ ಅಟ್ರೋಪಿನ್ ಸುರಿಯುವುದಲ್ಲ.

ಹೆಜ್ಜೇನಿನ ಕಾರ್ಡು ಒಂದೇ ಸಾಲಿನದು. ಕಚ್ಚಿ, ಮೈ ದದ್ದು ಎದ್ದು, ಉಸಿರು ಕಟ್ಟಿದವರಿಗೆ ಮೊದಲ ಇಂಜೆಕ್ಷನ್ ಯಾವುದು? ‘ಏವಿಲ್, ಹೈಡ್ರೋಕಾರ್ಟಿಸೋನ್’ (ಅಲರ್ಜಿಯ ಮದ್ದು, ಸ್ಟೀರಾಯ್ಡ್) ಎಂಬ ಉತ್ತರ ರಾಜ್ಯದಾದ್ಯಂತ ಕೈಗಳಲ್ಲಿ ಕುಳಿತಿದೆ. ಸರಿಯುತ್ತರ ಅಡ್ರಿನಾಲಿನ್, ದೊಡ್ಡವರಿಗೆ 0.5 ಮಿ.ಗ್ರಾಂ, ತೊಡೆಯ ಹೊರಬದಿಯ ಮಾಂಸಕ್ಕೆ. ಉಳಿದೆರಡು ಆಮೇಲೆ.

ಆಗಸ್ಟ್

ಇಸಿಜಿ ಮಾತ್ರ ಪ್ರತಿದಿನದ ಪಾಠ. ನಮ್ಮ ಯಂತ್ರ ಹಾಳೆಯ ಮೇಲಂಚಿನಲ್ಲಿ ತನ್ನದೇ ತೀರ್ಪು ಮುದ್ರಿಸುತ್ತದೆ. ಹಾಳೆ ಹೊರಬಂದ ಕೂಡಲೇ ಆ ಅಂಚನ್ನು ಹಿಂದಕ್ಕೆ ಮಡಚಿ, ನಮ್ಮ ಓದನ್ನು ಪೆನ್ಸಿಲ್‌ನಲ್ಲಿ ಬರೆದು, ಆಮೇಲಷ್ಟೇ ಮಡಿಕೆ ಬಿಡಿಸಿ ಯಂತ್ರದ ಅಭಿಪ್ರಾಯ ನೋಡುವುದು ನಿಯಮ. ತೀರ್ಪು ಮೊದಲೇ ಕಣ್ಣಿಗೆ ಬಿದ್ದರೆ ಮನಸ್ಸು ಅದನ್ನೇ ಸಾಬೀತು ಮಾಡಲು ಹೊರಡುತ್ತದೆ.

ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ಬಂದ ಮೇಲೆ ಇಸಿಜಿ ಓದಿನ ಬೆಲೆ ಏರಿದೆ. ಜಯದೇವದಂಥ ದೊಡ್ಡ ಕೇಂದ್ರಕ್ಕೆ ಹಾಳೆ ಕಳುಹಿಸಿ ಅಲ್ಲಿನ ತಜ್ಞರ ಅಭಿಪ್ರಾಯ ಪಡೆದು, ರಕ್ತದ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ತಾಲ್ಲೂಕಿನಲ್ಲೇ ಕೊಡಬಹುದು. ಆದರೆ ಬಂದ ಹತ್ತು ನಿಮಿಷದೊಳಗೆ ಇಸಿಜಿ ತೆಗೆಯುವುದು, ಮೊದಲ ಹಾಳೆ ಸರಿಯಿದ್ದರೂ ನೋವು ಉಳಿದವರಿಗೆ ಹದಿನೈದು ಇಪ್ಪತ್ತು ನಿಮಿಷಕ್ಕೆ ಇನ್ನೊಂದು ತೆಗೆಯುವುದು, ಕೆಳಗೋಡೆಯ ಹೃದಯಾಘಾತ ಕಂಡರೆ ನೈಟ್ರೇಟ್ ಕೊಡುವ ಮೊದಲು ಬಲಬದಿಯ ಲೀಡ್ ಹಾಕಿ ನೋಡುವುದು, ಇವನ್ನು ಯಾವ ತಜ್ಞರೂ ಅಲ್ಲಿಂದ ಮಾಡಿಕೊಡಲಾರರು.

ಸೆಪ್ಟೆಂಬರ್

ಹೊಸ ನೋಟ್‌ಬುಕ್: ಕಳುಹಿಸಿಕೊಟ್ಟವರಿಗೆ ಮುಂದೇನಾಯಿತು?

ತುರ್ತು ಘಟಕದಲ್ಲಿ ಅನುಭವ ಬೆಳೆಯುತ್ತದೆ ಎಂಬ ಮಾತನ್ನು ನಾನು ಪೂರ್ತಿ ನಂಬುವುದಿಲ್ಲ. ರೋಗಿಯನ್ನು ಆಂಬುಲೆನ್ಸಿಗೆ ಹತ್ತಿಸಿದ ಮೇಲೆ ನಮ್ಮ ಅನುಮಾನ ಸರಿಯೋ ತಪ್ಪೋ ಎಂಬುದು ನಮಗೆ ಮರಳಿ ಬರುವುದೇ ಇಲ್ಲ. ಅಂಥ ಅನುಭವ ಹತ್ತು ವರ್ಷ ಕಳೆದರೂ ಮೊದಲ ವರ್ಷದ್ದೇ ಆಗಿರುತ್ತದೆ. ಈಗ ಹೆಸರಿಲ್ಲದೆ, ವಯಸ್ಸು, ಬಂದ ದೂರು, ನಮ್ಮ ಅಂದಾಜು ಇಷ್ಟನ್ನು ಬರೆದಿಟ್ಟು, ಜಿಲ್ಲಾಸ್ಪತ್ರೆಯ ಡ್ಯೂಟಿ ವೈದ್ಯರಿಗೆ ಮಧ್ಯಾಹ್ನ ಗದ್ದಲ ತಗ್ಗಿದ ಹೊತ್ತಿನಲ್ಲಿ ಕರೆ ಮಾಡುತ್ತೇನೆ. ಹೆಚ್ಚಿನವರು ಸಂತೋಷದಿಂದಲೇ ಹೇಳುತ್ತಾರೆ. 2008ರ ರಾಜ್ಯೋತ್ಸವದ ದಿನ ಶುರುವಾದ 108ರ ಸಿಬ್ಬಂದಿಯೂ ಒಳ್ಳೆಯ ಮೂಲ; ದಾರಿಯಲ್ಲಿ ಏನಾಯಿತೆಂದು ಅವರಿಗೇ ಗೊತ್ತು. ಒಬ್ಬ ತಂತ್ರಜ್ಞರಂತೂ ಈಗ ನಮ್ಮ ಕಾರ್ಡುಗಳ ಖಾಯಂ ಪರೀಕ್ಷಕರು.

ಒಂದು ಉದಾಹರಣೆ. ಸಹೋದ್ಯೋಗಿಯೊಬ್ಬರು ತಲೆಸುತ್ತು, ವಾಂತಿ ಎಂದು ಬಂದ ವಯಸ್ಸಾದ ಅಮ್ಮನನ್ನು ಎಬ್ಬಿಸಿ ನಡೆಸಿ ನೋಡಿದರು. ಹಿಡಿದುಕೊಂಡರೂ ನಿಲ್ಲಲಾಗಲಿಲ್ಲ. ಸ್ಕ್ಯಾನ್‌ಗೆ ಕಳುಹಿಸಿದರು. ಕಿರುಮೆದುಳಿನ ಪಾರ್ಶ್ವವಾಯು ಎಂಬ ಸುದ್ದಿ ಎರಡು ದಿನದ ಬಳಿಕ ಬಂತು. ‘ತಲೆಸುತ್ತು ಎಂದವರನ್ನು ನಡೆಸಿ ನೋಡಿದೆಯಾ?’ ಎಂಬ ಕಾರ್ಡು ಆ ಸಂಜೆ ಹುಟ್ಟಿತು. ಪುಸ್ತಕದಿಂದ ಬಂದ ಕಾರ್ಡಿಗಿಂತ ನೋಟ್‌ಬುಕ್ಕಿನಿಂದ ಬಂದ ಕಾರ್ಡು ಬೇಗ ಮುಂದಿನ ಡಬ್ಬಿಗೆ ಜಿಗಿಯುತ್ತದೆ.

ಸಮಯದ ಬಗ್ಗೆಯೂ ಒಂದು ತೀರ್ಮಾನ: ರಾತ್ರಿ ಪಾಳಿ ಮುಗಿಸಿ ಓದುವುದಿಲ್ಲ. ಕಲಿತದ್ದು ಗಟ್ಟಿಯಾಗುವುದು ನಿದ್ದೆಯಲ್ಲೇ. ಓದು ಪಾಳಿಗೆ ಮುಂಚೆ, ಪಾಳಿ ಬದಲಾಗುವಾಗ ಹತ್ತು ನಿಮಿಷ ಎಲ್ಲರೂ ಸೇರಿ, ಅಷ್ಟೇ.

ಅಕ್ಟೋಬರ್ ಕೊನೆ

ಅಮೆರಿಕನ್ ಹಾರ್ಟ್ ಅಸೋಸಿಯೇಷನ್‌ನ 2025ರ ಮಾರ್ಗಸೂಚಿ ಬಂತು. ಹೃದಯ ನಿಂತವರ ಎದೆ ಒತ್ತುವ ವೇಗ ಮೊದಲಿನಂತೆ ನಿಮಿಷಕ್ಕೆ 100ರಿಂದ 120. ಗಂಟಲಲ್ಲಿ ಸಿಕ್ಕಿಕೊಂಡವರಿಗೆ ಮಾತ್ರ ಬದಲಾವಣೆ: ಪ್ರಜ್ಞೆಯಿರುವ ದೊಡ್ಡವರಿಗೂ ಮೊದಲು ಬೆನ್ನಿಗೆ ಐದು ಪೆಟ್ಟು, ನಂತರ ಹೊಟ್ಟೆಗೆ ಐದು ಒತ್ತು, ಹೀಗೆ ಸರದಿಯಲ್ಲಿ.

ಇದರಿಂದಾಗಿ ಎಲ್ಲ ಕಾರ್ಡುಗಳ ಮೂಲೆಯಲ್ಲಿ ಇಸವಿ ಬರೆಯಲು ಕುಳಿತೆ. ಔಷಧಿಗಿರುವಂತೆ ಮಾಹಿತಿಗೂ ಅವಧಿ ಮೀರುವ ದಿನವಿದೆ, ಲೇಬಲ್ ಇಲ್ಲ ಅಷ್ಟೇ. ಹೃದಯ ಪೂರ್ತಿ ನಿಂತಾಗ ಅಟ್ರೋಪಿನ್ ಕೊಡುವ ಕ್ರಮವನ್ನು 2010ರಲ್ಲೇ ಕೈಬಿಟ್ಟರು. ಇಂದಿಗೂ ಆ ಗಳಿಗೆಯಲ್ಲಿ ‘ಅಟ್ರೋಪಿನ್ ಕೊಡಿ’ ಎಂಬ ಕೂಗು ಕೇಳಿಬರುತ್ತದೆ. ಹಳೆಯದನ್ನು ಅಳಿಸುವುದು ಹೊಸದನ್ನು ಕಲಿಯುವುದಕ್ಕಿಂತ ಕಷ್ಟ. ಅದಕ್ಕೆಂದೇ ‘ಈಗ ಮಾಡಬಾರದ್ದು’ ಎಂಬ ಕೆಂಪಂಚಿನ ಕಾರ್ಡುಗಳನ್ನು ಬೇರೆ ಮಾಡಿದ್ದೇನೆ.

ಎದೆ ಒತ್ತಿ ಅಭ್ಯಾಸ ಮಾಡುವ ಬೊಂಬೆ ನಮ್ಮಲ್ಲಿಲ್ಲ. ಗಟ್ಟಿ ದಿಂಬನ್ನು ಬೆಂಚಿನ ಮೇಲಿಟ್ಟು, ಮೊಬೈಲಿನಲ್ಲಿ ತಾಳ ಬಡಿಯುವ ಮೆಟ್ರೊನೋಮ್ 110ಕ್ಕೆ ಹಚ್ಚಿ ಒತ್ತುತ್ತೇವೆ. ಇದರಿಂದ ವೇಗ ಕಲಿಯಬಹುದು, ಎರಡು ನಿಮಿಷಕ್ಕೆ ಜನ ಬದಲಾಗುವುದನ್ನು ಕಲಿಯಬಹುದು. ಐದಾರು ಸೆಂಟಿಮೀಟರ್ ಆಳವನ್ನು ಕಲಿಯಲಾಗುವುದಿಲ್ಲ. ಬೊಂಬೆಗಾಗಿ ಅರ್ಜಿ ಕೊಟ್ಟಾಗಿದೆ.

ಡಿಸೆಂಬರ್

ಈಗ ಮಂಗನ ಕಾಯಿಲೆಯ ಕಂತು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ರೋಗ ಇದು. ನೇರ ಔಷಧಿ ಇಲ್ಲದಿರುವುದರಿಂದ ಬೇಗ ಅನುಮಾನಿಸುವುದೇ ದೊಡ್ಡ ಕೌಶಲ. ಹಾಗಾಗಿ ಕಾರ್ಡುಗಳೆಲ್ಲ ರೋಗಿಯನ್ನು ಕೇಳುವ ಪ್ರಶ್ನೆಗಳೇ: ಕೊಟ್ಟಿಗೆಗೆ ತರಗೆಲೆ ತರಲು ಹೋಗಿದ್ದಿರಾ? ಮೈಮೇಲೆ ಉಣುಗು ಕಂಡಿತ್ತೇ? ಆಸುಪಾಸಿನಲ್ಲಿ ಮಂಗ ಸತ್ತ ಸುದ್ದಿ ಇದೆಯೇ? ಜ್ವರ ಬಿಟ್ಟು ವಾರ ಕಳೆದ ಮೇಲೆ ಮತ್ತೆ ಜ್ವರ, ತಲೆನೋವು, ಗೊಂದಲ ಶುರುವಾದರೆ ಅದು ಇದೇ ಕಾಯಿಲೆಯ ಎರಡನೆಯ ಸುತ್ತು ಇರಬಹುದು ಎಂಬುದೂ ಒಂದು ಕಾರ್ಡು.

ಜನವರಿಗೆ ಬಾಕಿ ಉಳಿದದ್ದು ಮಕ್ಕಳ ಡೋಸಿನ ಗೋಡೆಪಟ್ಟಿ. ಮಿಲಿಗ್ರಾಂನಲ್ಲಿ ಬರೆದದ್ದನ್ನು ಹರಿದು ಹಾಕಿ ಮಿ.ಲೀ.ನಲ್ಲಿ ಬರೆಯುತ್ತಿದ್ದೇವೆ: ಅಲರ್ಜಿಯ ಆಘಾತಕ್ಕೆ ಹತ್ತು ಕೆ.ಜಿ. ಮಗುವಿಗೆ ಒಂದಕ್ಕೆ ಸಾವಿರದ (ಮಿ.ಲೀ.ಗೆ ಒಂದು ಮಿ.ಗ್ರಾಂ) ಅಡ್ರಿನಾಲಿನ್ 0.1 ಮಿ.ಲೀ., ಇಪ್ಪತ್ತು ಕೆ.ಜಿ.ಗೆ 0.2. ಸಿರಿಂಜ್ ಹಿಡಿದವರು ಲೆಕ್ಕ ಮಾಡುವಂತಿರಬಾರದು. ಅಕ್ಷರ ಎಷ್ಟು ದಪ್ಪವಿರಬೇಕೆಂಬ ಬಗ್ಗೆ ನಮ್ಮಲ್ಲಿ ಒಮ್ಮತವಿಲ್ಲ. ಹಿರಿಯ ಸಿಸ್ಟರ್ ಕನ್ನಡಕ ತೆಗೆದಿಟ್ಟು ಬಾಗಿಲಿನಿಂದ ಓದಲಾಗುವಷ್ಟು ಎನ್ನುತ್ತಿದ್ದಾರೆ. ಹಾಗಾದರೆ ಒಂದು ಹಾಳೆ ಸಾಲುವುದಿಲ್ಲ, ಫ್ಲೆಕ್ಸ್ ಮಾಡಿಸಬೇಕು.